ಹಾಡುವವನ ಕೈಗೆ ಕತ್ತಿ ಬೇಕೆ?

ಪುಟ್ಟ, ಸಂಕ್ರಾಂತಿಗೆ ನೀನೂ ನಿನ್ನ ಮೂವರು ಗೆಳೆಯರೂ ಬುಕ್ಕಾಪಟ್ಟಣಕ್ಕೆ ಬಂದಿದ್ದಾಗ ನಡುಮನೆಯಲ್ಲಿ ರಾತ್ರಿ ಒಂದೂವರೆಯವರೆಗೆ ನಡೆದ ವಾದವನ್ನು ನಾನು ಒಳಕೋಣೆಯಲ್ಲಿ ಮಲಗಿಕೊಂಡೇ ಪೂರ್ತಿ ಕೇಳಿಸಿಕೊಂಡೆ. ನಿದ್ದೆ ಕೆಡಿಸಿದರೆಂದು ನಿಮ್ಮಜ್ಜಿ ಬೆಳಿಗ್ಗೆ ಗೊಣಗಿದಳು. ನನಗೆ ಬೇಸರವಾಗಲಿಲ್ಲ. ಬೇಯಿಸಿದ ಕಡ್ಲೆಕಾಯಿಯ ಸಿಪ್ಪೆ ಮೊರದ ತುಂಬ ಬಿದ್ದಿತ್ತು, ನಿಮ್ಮ ಇಪ್ಪತ್ತು ಮುಖದ ದಾಳ ಉರುಳಿಕೊಂಡು ಮಂಚದ ಕೆಳಗೆ ಹೋಗಿ ಟಾರ್ಚ್ ಹಿಡಿದು ಹುಡುಕಿದ್ದಿರಿ, ಆದರೂ ಮಾತು ನಿಲ್ಲಲಿಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ಬಾರ್ಡ್ ಅಂದರೆ ಹಾಡುಗಾರ, ಅವನಿಗೆ ಇಷ್ಟು ಶಕ್ತಿ ಕೊಡಬೇಕೋ ಬೇಡವೋ, ಅವನು ಯಾವ ಕೆಲಸಕ್ಕೆ ಬಂದವನು? ಇದಕ್ಕೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಎಳೆದಾಡಿದಿರಿ.

ಖಡ್ಗ ಹಿಡಿದ ಪಾತ್ರ ವಹಿಸಿದ್ದ ಹುಡುಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ‘ಬಾರ್ಡ್ ದಂಡ ಕಣ್ರೋ, ಏಟು ತಿನ್ನೋರು ನಾವು, ಮೂಲೇಲಿ ನಿಂತು ಹಾಡೋನು ಅವನು.’ ಬಾರ್ಡ್ ಆಗಿದ್ದ ಹುಡುಗಿ ಪುಸ್ತಕ ತೆರೆದು ಒಂದೊಂದೇ ಸಾಲು ಓದಿ ಎದುರು ನಿಂತಳು. ಮೂರನೆಯವನು 2014ರ ನಿಯಮವೇ ಸರಿ, 2024ರದ್ದು ಕೆಡಿಸಿಬಿಟ್ಟಿದೆ ಎಂದ. ನೀನು ಆಟ ನಡೆಸುವವನು, ಡಂಜನ್ ಮಾಸ್ಟರು, ಯಾರಿಗೂ ತೀರ್ಪು ಕೊಡದೆ ಮಲಗಿಬಿಟ್ಟೆ. ಹೊರಡುವಾಗ ಆ ಪುಸ್ತಕವನ್ನು ಇಲ್ಲೇ ಬಿಟ್ಟುಹೋಗು ಎಂದು ನಾನು ಕೇಳಿದಾಗ ನಿನಗೆ ಆಶ್ಚರ್ಯವಾಗಿತ್ತು. ಮೂರು ವಾರ ಕೂತು ಓದಿದ್ದೇನೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಅದಕ್ಕಿಂತ ಮುಖ್ಯವಾಗಿ, ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದ ಮೇಳದಲ್ಲಿ ಹದಿನಾರು ವರ್ಷ ಭಾಗವತರ ಹಿಂದೆ ನಿಂತು ಹಿಮ್ಮೇಳ ಹಾಡಿದವನು. ಹಾಡುವವನ ಕೆಲಸವೇನು ಎಂಬ ಪ್ರಶ್ನೆಗೆ ನನ್ನ ಬಳಿ ಒಂದಿಷ್ಟು ಉತ್ತರವಿದೆ. ನಾಲ್ವರೂ ಕೂತು ಓದಿಕೊಳ್ಳಿ.

ಮೊದಲು ಆ ಹೆಸರು. ಬಾರ್ಡ್ ಎಂಬುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ ಎಂದು ನಾನು ಕೇಳಿದಾಗ ‘ಗಾಯಕ’ ಎಂದಿರಿ. ಸಾಲದು. ಗಾಯಕ ರಾಗಕ್ಕೆ ಉತ್ತರ ಹೇಳಬೇಕಾದವನು, ಬಾರ್ಡ್ ಜನಕ್ಕೆ ಉತ್ತರ ಹೇಳಬೇಕಾದವನು. ಭಾಗವತ ಎನ್ನಬಹುದೇ? ಭಾಗವತ ಇಡೀ ಆಟವನ್ನು ನಡೆಸುವವನು, ಆ ಜಾಗ ನಿಮ್ಮಲ್ಲಿ ಡಂಜನ್ ಮಾಸ್ಟರನದು. ಎತ್ತಿನ ಮೇಲೆ ಬಂದು ಮನೆತನದ ಏಳು ತಲೆಮಾರಿನ ಹೆಸರು ಹೇಳಿ ಕಾಳು ಪಡೆದು ಹೋಗುವ ಹೆಳವರಿದ್ದಾರೆ, ಅವರು ಬಾರ್ಡನ ಅರ್ಧ ಭಾಗ. ಅರಮನೆಯ ಬಾಗಿಲಲ್ಲಿ ನಿಂತು ದೊರೆಯ ಬಿರುದು ಕೂಗುತ್ತಿದ್ದ ವಂದಿಮಾಗಧರಿದ್ದರು, ಅವರೂ ಒಂದು ಭಾಗ. ಅವರಿಂದಲೇ ‘ಹೊಗಳುಭಟ್ಟ’ ಎಂಬ ಬೈಗುಳ ಹುಟ್ಟಿತು ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಕೊನೆಗೆ ಒಪ್ಪಿಕೊಂಡ ಪದ ಸೂತ. ನಮ್ಮ ಹಳೆಯ ಕತೆಗಳಲ್ಲಿ ರಥ ಹೊಡೆಯುವವನೂ ಸೂತ, ಕತೆ ಹೇಳುವವನೂ ಸೂತ. ನೈಮಿಷಾರಣ್ಯದಲ್ಲಿ ಶೌನಕಾದಿಗಳಿಗೆ ಭಾರತವನ್ನು ಹೇಳಿದವನು ಸೂತ. ಕುರುಡು ದೊರೆಯ ಪಕ್ಕ ಕೂತು ಹದಿನೆಂಟು ದಿನದ ಯುದ್ಧವನ್ನು ಹೇಳಿದ ಸಂಜಯನೂ ಸೂತ. ಈ ಎರಡು ಕೆಲಸಗಳಿಗೆ ಒಂದೇ ಹೆಸರು ಯಾಕೆ ಬಂತು ಎಂದು ಯೋಚಿಸಿದ್ದೀರಾ? ಯುದ್ಧದ ನಡುವೆ ಇದ್ದೂ ಹೊಡೆದಾಡದೆ ಎಲ್ಲವನ್ನೂ ಕಣ್ಣಾರೆ ನೋಡುವವನು ಸಾರಥಿ ಒಬ್ಬನೇ. ಹಾಗಾಗಿ ಕತೆ ಅವನದಾಯಿತು. ನಮ್ಮ ಮೂಡಲಪಾಯದ ರಂಗಸ್ಥಳದಲ್ಲೂ ವೇಷಧಾರಿ ಬಂದು ನಿಂತಾಗ ‘ತಾವು ಯಾರು, ಎಲ್ಲಿಂದ ಬಂದಿರಿ’ ಎಂದು ಮಾತಿಗೆಳೆಯುವವನ ಹೆಸರೇನು? ಸಾರಥಿ. ರಾಜ ಎಷ್ಟೇ ಅಬ್ಬರಿಸಿ ಕುಣಿದು ಬಂದಿರಲಿ, ಸಾರಥಿ ಕೇಳದೆ ಅವನು ತನ್ನ ಹೆಸರನ್ನು ಹೇಳಿಕೊಳ್ಳುವ ಹಾಗಿಲ್ಲ.

ಈಗ ಖಡ್ಗದ ಹುಡುಗನಿಗೆ ಬರುತ್ತೇನೆ. ಹಾಡುವವನು ದಂಡ ಎಂದೆಯಲ್ಲಪ್ಪ, ಕುರುಕ್ಷೇತ್ರದಲ್ಲಿ ಎದುರುಬದುರಾಗಿ ನಿಂತ ಎರಡು ರಥಗಳನ್ನು ನೋಡು. ಒಂದರಲ್ಲಿ ಅರ್ಜುನ, ಇನ್ನೊಂದರಲ್ಲಿ ಕರ್ಣ. ಬಿಲ್ಲಿನ ಲೆಕ್ಕದಲ್ಲಿ ಇಬ್ಬರೂ ಸಮ. ಅರ್ಜುನನ ಸಾರಥಿ ಕೃಷ್ಣ, ಆಯುಧ ಮುಟ್ಟುವುದಿಲ್ಲವೆಂದು ಮಾತು ಕೊಟ್ಟು ಕುಳಿತವನು. ಬಿಲ್ಲು ಕೈಜಾರಿ ಕುಸಿದ ಅರ್ಜುನನನ್ನು ಬರೀ ಮಾತಿನಿಂದ ಎಬ್ಬಿಸಿ ನಿಲ್ಲಿಸಿದ. ಕರ್ಣನ ಸಾರಥಿ ಶಲ್ಯ. ಅವನು ಯುದ್ಧಕ್ಕೆ ಮೊದಲೇ ಧರ್ಮರಾಯನಿಗೆ ಮಾತು ಕೊಟ್ಟಿದ್ದ, ಕರ್ಣನ ತೇಜೋವಧೆ ಮಾಡುತ್ತೇನೆ ಎಂದು. ರಥ ಹೊಡೆಯುತ್ತಲೇ ಹೀಗಳೆದ, ಅರ್ಜುನನನ್ನು ಹೊಗಳಿದ, ಕೊನೆಗೆ ಕುಮಾರವ್ಯಾಸನಲ್ಲಿ ರಥವನ್ನೇ ಬಿಟ್ಟು ಇಳಿದು ಹೋದ. ಕರ್ಣನ ಮೈಗೆ ಬಾಣ ತಾಗುವ ಮೊದಲೇ ಮಾತು ತಾಗಿತ್ತು.

ನಿಮ್ಮ ಪುಸ್ತಕದಲ್ಲಿ ಇದೇ ಇದೆ, ನೀವು ಗಮನಿಸಿಲ್ಲ. ಬಾರ್ಡಿಕ್ ಇನ್‌ಸ್ಪಿರೇಷನ್ ಎಂದರೆ ಬಾರ್ಡ್ ತನ್ನ ಒಂದು ದಾಳವನ್ನು ಇನ್ನೊಬ್ಬನಿಗೆ ಕೊಡುವುದು. ಅವನು ಅದನ್ನು ಉರುಳಿಸಿ ತನ್ನ ಏಟಿಗೋ ಪ್ರಯತ್ನಕ್ಕೋ ಸೇರಿಸಿಕೊಳ್ಳುತ್ತಾನೆ. ಮೊದಲು ಆರು ಮುಖದ ದಾಳ, ಐದನೇ ಲೆವೆಲ್‌ಗೆ ಎಂಟು, ಹತ್ತನೆಯದಕ್ಕೆ ಹತ್ತು, ಹದಿನೈದನೆಯದಕ್ಕೆ ಹನ್ನೆರಡು. ಇನ್ನೊಂದು ಶಕ್ತಿ ಕಟಿಂಗ್ ವರ್ಡ್ಸ್. ಎದುರಾಳಿ ಎತ್ತಿದ ಕೈಯನ್ನು ಮಾತಿನಿಂದ ಇಳಿಸುವುದು. ಅದಕ್ಕೂ ಖರ್ಚಾಗುವುದು ಅದೇ ದಾಳ. ಕೃಷ್ಣನೂ ಶಲ್ಯನೂ ಒಂದೇ ಚೀಲದಿಂದ ದಾಳ ತೆಗೆಯುತ್ತಿದ್ದಾರೆ, ಒಬ್ಬ ಕೊಡುವುದಕ್ಕೆ, ಒಬ್ಬ ಕುಯ್ಯುವುದಕ್ಕೆ. ಯಾರು ಬರೆದ ನಿಯಮವೋ, ಬರೆದವನಿಗೆ ಹಾಡುಗಾರನ ಒಳಗು ಗೊತ್ತಿತ್ತು.

ಆ ನಿಯಮದಲ್ಲಿ ನೀವು ಓದಿ ದಾಟಿಹೋದ ಒಂದು ಸಣ್ಣ ಮಾತಿದೆ. ಬಾರ್ಡ್ ಆ ದಾಳವನ್ನು ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. 2014ರಲ್ಲೂ ಹಾಗೆ, 2024ರಲ್ಲೂ ಹಾಗೆ. ಉಳಿದದ್ದರಲ್ಲಿ ಕೆಲವನ್ನು ತಿದ್ದಿದ್ದಾರೆ. ಹತ್ತು ನಿಮಿಷದ ಅವಧಿ ಒಂದು ಗಂಟೆಯಾಗಿದೆ. ಮೊದಲು ಕೇಳಿಸಿಕೊಂಡವನಿಗೆ ಮಾತ್ರ ದಕ್ಕುತ್ತಿದ್ದದ್ದು ಈಗ ನೋಡಿದವನಿಗೂ ದಕ್ಕುತ್ತದೆ. ಕಿವಿ ಕೇಳದವನಿಗೆ ಕುಣಿತದಿಂದಲೂ ಹುರುಪು ತುಂಬಬಹುದಲ್ಲವೇ, ಆ ತಿದ್ದುಪಡಿ ನನಗೆ ಮೆಚ್ಚಿಕೆಯಾಯಿತು. ಆದರೆ ತನಗೆ ತಾನೇ ಕೊಟ್ಟುಕೊಳ್ಳಬಾರದು ಎಂಬುದನ್ನು ಯಾರೂ ಮುಟ್ಟಿಲ್ಲ. ಬಾರ್ಡ್ ಆಡುವ ನನ್ನ ಮೊಮ್ಮಗಳಂಥವಳೇ, ನಿನ್ನ ಶಕ್ತಿ ಎಷ್ಟು ಎಂದು ಅಂದು ರಾತ್ರಿ ಎರಡು ಗಂಟೆ ಹೊತ್ತು ಲೆಕ್ಕ ಹಾಕಿದೆಯಲ್ಲವ್ವ, ಆ ಲೆಕ್ಕ ನಿನ್ನ ಹಾಳೆಯಲ್ಲಿ ಸಿಗುವುದಿಲ್ಲ. ಎದುರು ಕೂತ ಆ ಖಡ್ಗದ ಹುಡುಗನ ಹಾಳೆಯಲ್ಲಿ ಹುಡುಕು.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಒಂದು ಬೇಸಿಗೆಯ ರಾತ್ರಿ, ಸುಗ್ಗಿ ಮುಗಿದು ಊರು ಬಿಡುವಾಗಿದ್ದ ಕಾಲ, ಕರ್ಣನ ಪ್ರಸಂಗ ನಡೆಯುತ್ತಿತ್ತು. ಗ್ಯಾಸ್‌ಲೈಟಿನ ಸುತ್ತ ಹುಳ ಮುತ್ತಿದ್ದವು. ಕರ್ಣನ ವೇಷ ಹಾಕಿದ್ದವನು ಒಳ್ಳೆಯ ಕಲಾವಿದ, ಆದರೆ ಅಂದು ಹಗಲೆಲ್ಲ ಬಾವಿಯ ಹೂಳೆತ್ತುವ ಕೆಲಸ ಮಾಡಿ ಬಂದಿದ್ದ. ಮೂರು ಗಂಟೆಯ ಹೊತ್ತಿಗೆ, ಕುಂತಿ ಬಂದು ನಿಂತ ಸನ್ನಿವೇಶದಲ್ಲಿ, ಅವನಿಗೆ ಮಾತು ಮರೆತುಹೋಯಿತು. ನಾನು ಎರಡು ಮಾರು ಹಿಂದೆ ನಿಂತಿದ್ದೆ. ಭುಜಕೀರ್ತಿಯ ಕೆಳಗೆ ಅವನ ಬೆನ್ನು ನಡುಗುವುದು ನನಗೆ ಕಾಣುತ್ತಿತ್ತು. ಜನಕ್ಕೆ ಇನ್ನೂ ಗೊತ್ತಾಗಿರಲಿಲ್ಲ. ಭಾಗವತರು ಅವನ ಕಡೆ ತಿರುಗಿಯೂ ನೋಡಲಿಲ್ಲ. ಆಗಲೇ ಮುಗಿಸಿದ್ದ ಪದದ ಕೊನೆಯ ಸೊಲ್ಲನ್ನು ಮತ್ತೆ ಎತ್ತಿಕೊಂಡರು, ತಾಳವನ್ನು ಒಂದು ಕೂದಲೆಳೆಯಷ್ಟು ನಿಧಾನ ಮಾಡಿದರು, ‘ಹೆತ್ತವಳು’ ಎಂಬ ಒಂದು ಪದವನ್ನು ಮಾತ್ರ ಮೂರು ಸಲ ಬೇರೆ ಬೇರೆ ಎಳೆತದಲ್ಲಿ ಹಾಡಿದರು. ಮುಖವೀಣೆಯವನು ಅರ್ಥ ಮಾಡಿಕೊಂಡು ಆ ಎಳೆತವನ್ನೇ ಹಿಡಿದ. ಮೂರನೆಯ ಸಲಕ್ಕೆ ಕರ್ಣನ ಬೆನ್ನು ನೆಟ್ಟಗಾಯಿತು, ಮಾತು ಬಂತು. ಅಷ್ಟು ಚೆನ್ನಾಗಿ ಅವನು ಆ ಮಾತನ್ನು ಮೊದಲೆಂದೂ ಹೇಳಿರಲಿಲ್ಲ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬೆಳಗ್ಗೆ ಊರೆಲ್ಲ ಕರ್ಣನನ್ನು ಹೊಗಳಿತು. ಭಾಗವತರು ಬೇವಿನ ಕಡ್ಡಿ ಅಗಿಯುತ್ತಾ ಕೆರೆಯ ಕಡೆ ಹೋದರು, ಆ ವಿಷಯವನ್ನು ಸಾಯುವವರೆಗೂ ಯಾರ ಮುಂದೆಯೂ ಎತ್ತಲಿಲ್ಲ.

ನಾನು ಅದಕ್ಕೆ ವಿರುದ್ಧವಾದದ್ದನ್ನೂ ಮಾಡಿದ್ದೇನೆ, ಹೇಳಿಬಿಡುತ್ತೇನೆ. ಇಪ್ಪತ್ತೈದರ ವಯಸ್ಸಿನಲ್ಲಿ ನನ್ನ ಕಂಠ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದ್ದರು. ಒಂದು ಜಾತ್ರೆಯ ಆಟದಲ್ಲಿ ಭಾಗವತರ ಸೊಲ್ಲನ್ನು ಹಿಡಿದು ಎತ್ತಿಕೊಡಬೇಕಾದ ನಾನು, ಅವರಿಗಿಂತ ಮೇಲಿನ ಸ್ಥಾಯಿಗೆ ಹೋದೆ. ಜನ ಸಿಳ್ಳೆ ಹಾಕಿದರು. ವೇಷಧಾರಿಯ ಹೆಜ್ಜೆ ತಪ್ಪಿತು, ಮದ್ದಳೆಯವನು ನನ್ನ ಮುಖ ನೋಡಿದ. ಭಾಗವತರು ಒಂದು ಮಾತೂ ಆಡಲಿಲ್ಲ, ತಾವೇ ನನ್ನ ಶ್ರುತಿಗೆ ಬಂದು ಸೇರಿಕೊಂಡು ಆಟವನ್ನು ಉಳಿಸಿದರು. ನನ್ನ ಗಂಟಲು ನಡುರಾತ್ರಿಗೇ ಕಟ್ಟಿಹೋಯಿತು, ಬೆಳಗಿನವರೆಗೂ ಅರುವತ್ತು ದಾಟಿದ ಆ ಮನುಷ್ಯ ಒಬ್ಬರೇ ಹಾಡಿದರು. ಆ ರಾತ್ರಿಯ ನಾಚಿಕೆ ಇಂದಿಗೂ ಹೋಗಿಲ್ಲ.

ಇನ್ನು ನಿಮ್ಮ ಕೊಳಲಿನ ವಾದ. ಮಂತ್ರ ಹೇಳಬೇಕಾದರೆ ಬಾಯಿಂದ ಉಚ್ಚರಿಸಬೇಕು ಎಂದು ನಿಯಮ. ಬಾರ್ಡ್ ತನ್ನ ವಾದ್ಯದ ಮೂಲಕ ಮಂತ್ರ ಹಾಕಬಹುದು ಎಂದೂ ನಿಯಮ. ಹಾಗಾದರೆ ಕೊಳಲು ಊದುವವನು ಒಂದೇ ಬಾಯಲ್ಲಿ ಎರಡು ಕೆಲಸ ಹೇಗೆ ಮಾಡುತ್ತಾನೆ, ಕೊಳಲಿನ ಬಾರ್ಡ್ ಇರಲೇಕೂಡದು, ಎಲ್ಲರೂ ತಂತಿವಾದ್ಯವನ್ನೇ ಹಿಡಿಯಬೇಕು ಎಂದು ಮೂರನೆಯವನು ಪಟ್ಟು ಹಿಡಿದ. ವಾದ್ಯ ಕೈಯಲ್ಲಿದ್ದರೆ ಸಾಕು, ನುಡಿಸಲೇಬೇಕೆಂದು ಪುಸ್ತಕ ಹೇಳುವುದಿಲ್ಲ ಎಂದು ಹುಡುಗಿ ಸರಿಯಾಗಿಯೇ ಹೇಳಿದಳು. ಅದು ಪುಸ್ತಕದ ಉತ್ತರ. ನಮ್ಮ ಶಿರಾ ಸೀಮೆಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತು.

ಕಾಡುಗೊಲ್ಲರ ವೀರ ಜುಂಜಪ್ಪ, ದನ ಕಾಯುತ್ತಾ ಬದುಕಿದವನು, ದೇವರಾದವನು. ಅವನ ನೆಲೆ ಕಳುವರಹಳ್ಳಿ, ನಮ್ಮ ತಾಲ್ಲೂಕಿನಲ್ಲೇ ಇದೆ. ಅವನ ಕತೆಯನ್ನು ಹಾಡುವುದು ಗಣೆ ಎಂಬ ಬಿದಿರಿನ ವಾದ್ಯದ ಜೊತೆ. ಗಣೆ ಅಂದರೆ ಕೊಳಲೇ, ಆದರೆ ನೀವು ಕಂಡಿರುವ ಕೊಳಲಿಗಿಂತ ಬಹಳ ಉದ್ದ, ಅದರ ದನಿ ನೆಲಕ್ಕೆ ಹತ್ತಿರ. ನಾನು ಹೊಸದಾಗಿ ಮೇಷ್ಟ್ರಾಗಿ ಹೋದ ಶಾಲೆಯ ಪಕ್ಕದಲ್ಲೊಂದು ಗೊಲ್ಲರಹಟ್ಟಿ ಇತ್ತು. ಒಂದು ರಾತ್ರಿ ಅಲ್ಲಿ ಕೂತು ಕೇಳಿದೆ. ಗಣೆಯವನು ಮೊದಲು ಊದಿದ, ಒಂದು ಉಸಿರಿನಷ್ಟು. ಆಮೇಲೆ ಗಣೆಯನ್ನು ತುಟಿಯಿಂದ ಇಳಿಸಿ ತೊಡೆಗೆ ಒರಗಿಸಿ ಒಂದು ಸಾಲು ಹಾಡಿದ. ಸಾಲು ಮುಗಿಯುವುದಕ್ಕೆ ಮೊದಲೇ ಪಕ್ಕದವನು ಅದರ ಬಾಲ ಹಿಡಿದುಕೊಂಡ. ಪಕ್ಕದವನು ಆ ಬಾಲವನ್ನು ಎಳೆಯುತ್ತಿರುವಷ್ಟು ಹೊತ್ತಿನಲ್ಲಿ ಇವನು ಉಸಿರು ತುಂಬಿಕೊಂಡು ಗಣೆಯನ್ನು ಮತ್ತೆ ತುಟಿಗೆ ತಂದ. ದನಿ ಎಲ್ಲಿಯೂ ಕಡಿಯಲಿಲ್ಲ. ಇಬ್ಬರು ಮನುಷ್ಯರು, ಒಂದು ಬಿದಿರು, ಅವುಗಳ ನಡುವೆ ಒಂದು ಉಸಿರು ಅತ್ತಿತ್ತ ಹೋಗಿಬರುತ್ತಿತ್ತು. ಹೊರಗೆ ಕುರಿಗಳು ಮೆಲುಕು ಹಾಕುತ್ತಿದ್ದವು. ಊದುವಾಗ ಹಾಡಲಾಗದು ಎನ್ನುವುದು ಅವರಿಗೆ ಅಡ್ಡಿಯೇ ಆಗಿರಲಿಲ್ಲ, ಅದರಿಂದಲೇ ಆ ಹಾಡಿಗೆ ನಡೆ ಬಂದಿತ್ತು, ಜೊತೆಗಾರ ಬಂದಿದ್ದ.

ನಿಮ್ಮ ಆಟಕ್ಕೆ ಇದನ್ನು ಹೀಗೆ ತನ್ನಿ. ಕೊಳಲಿನ ಬಾರ್ಡ್ ಊದಿದ ಮೇಲೆ ಮಂತ್ರದ ಸಾಲನ್ನು ಪಕ್ಕದ ಪಾತ್ರ ಹಿಡಿಯಲಿ. ಹಿಡಿಯುವವನು ಯಾರೂ ಇಲ್ಲದಿದ್ದರೆ ಒಂದು ಸರದಿ ತಡವಾಗಲಿ. ಪುಟ್ಟ, ನೀನು ಕೊಡದೆ ಬಿಟ್ಟ ತೀರ್ಪಿಗೆ ಇದು ನನ್ನ ಸಲಹೆ. ನಿಯಮ ಬಿಗಿಯಾದಾಗ ಪಾತ್ರವನ್ನು ಕತ್ತರಿಸಬೇಡಿ, ಅವನ ಪಕ್ಕ ಇನ್ನೊಬ್ಬನನ್ನು ಕೂರಿಸಿ.

ಅರುವತ್ತು ಅಡಿ ದೂರದವರೆಗೆ ಮಾತ್ರ ಬಾರ್ಡಿನ ಮಾತು ನಾಟುತ್ತದೆ ಎಂಬ ನಿಯಮದ ಮೇಲೂ ಜಗಳವಾಡಿದಿರಿ. ಅದು ಸರಿಯಾಗಿದೆ, ಬಿಡಿ. ದನಿ ಅದಕ್ಕಿಂತ ದೂರ ಹೋಗುತ್ತದೆ. ಇಲ್ಲಿ ನಮ್ಮ ಕಾಡಿನ ಅಂಚಿನಲ್ಲಿ, ಅದೇ 2019ರಲ್ಲಿ ಚಿಂಕಾರಾ ವನ್ಯಧಾಮವಾಯಿತಲ್ಲ ಆ ಕುರುಚಲು ಗುಡ್ಡಗಳಲ್ಲಿ, ಕುರಿ ಕಾಯುವವನ ಕೂಗು ಮೈಲಿ ದೂರಕ್ಕೆ ಕೇಳುತ್ತದೆ. ಆದರೆ ಕೇಳುವವನ ಮುಖ ಕಾಣುವಷ್ಟು ದೂರದಲ್ಲಿ ಹಾಡುವವನು ಇರಬೇಕು. ಮುಖ ಕಾಣದಿದ್ದರೆ ಯಾರಿಗೆ ಯಾವ ಸೊಲ್ಲು ಬೇಕು ಎಂದು ಗೊತ್ತಾಗುವುದಿಲ್ಲ.

ಈ ಬಾರ್ಡ್ ಎಂಬ ಪಾತ್ರ ಆಟಕ್ಕೆ ಮೊದಲು ಬಂದದ್ದು 1976ರಲ್ಲಿ, ಒಂದು ಸಣ್ಣ ಪತ್ರಿಕೆಯ ಲೇಖನವಾಗಿ. ಎರಡು ವರ್ಷದ ಮೇಲೆ ಬಂದ ಪುಸ್ತಕದಲ್ಲಿ ಒಂದು ಕಠಿಣ ನಿಯಮವಿತ್ತು. ಯಾರೂ ನೇರವಾಗಿ ಬಾರ್ಡ್ ಆಗುವಂತಿರಲಿಲ್ಲ. ಮೊದಲು ಯೋಧನಾಗಿ ಕೆಲವು ಲೆವೆಲ್ ಏರಬೇಕು, ಆಮೇಲೆ ಕಳ್ಳನಾಗಿ ಕೆಲವು, ಅದೂ ಆದ ಮೇಲೆ ಡ್ರೂಯಿಡ್ ಗುರುಗಳ ಬಳಿ ಹೋಗಿ ಕಲಿತು ಬಾರ್ಡ್ ಆಗಬೇಕು. ಒಳಗಿನ ದರ್ಜೆಗಳಿಗೆ ಇಟ್ಟ ಹೆಸರುಗಳಲ್ಲಿ ಹೆಚ್ಚಿನವು ಹಳೆಯ ಐರ್ಲೆಂಡಿನ ಕವಿಗಳ ದರ್ಜೆಗಳವು. ಐರ್ಲೆಂಡಿನಲ್ಲಿ ಅತ್ಯುನ್ನತ ದರ್ಜೆ ಓಲಾವ್. ಆ ದರ್ಜೆಯ ಕವಿಗೆ ಮುನ್ನೂರೈವತ್ತು ಕತೆ ಬರಬೇಕು ಎಂಬುದು ಅಲ್ಲಿನ ಸಂಪ್ರದಾಯ. ಆಟದ ಆ ಕಠಿಣ ನಿಯಮವನ್ನು ಆಮೇಲೆ ಸಡಿಲಿಸಿದರು. ಆಟಕ್ಕೆ ಸಡಿಲಿಸಿದ್ದು ಸರಿ. ಆದರೆ ಆ ಹಳೆಯ ನಿಯಮದಲ್ಲಿ ಇದ್ದ ತಿಳಿವಳಿಕೆಯನ್ನು ಬಿಡಬೇಡಿ. ನಮ್ಮ ಭಾಗವತರು ಎಂಟು ವರ್ಷದ ವಯಸ್ಸಿನಲ್ಲಿ ಬಾಲಗೋಪಾಲನ ವೇಷ ಕಟ್ಟಿದವರು, ಆಮೇಲೆ ಕೋಡಂಗಿ, ಆಮೇಲೆ ಸ್ತ್ರೀವೇಷ, ಮೀಸೆ ಬಂದ ಮೇಲೆ ರಾಕ್ಷಸ, ಕೈ ಪಳಗಿದ ಮೇಲೆ ಮದ್ದಳೆ. ತಾಳ ಕೈಗೆ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಪ್ರತಿಯೊಂದು ವೇಷದ ಕಾಲು ಎಲ್ಲಿ ನೋಯುತ್ತದೆ ಎಂದು ಗೊತ್ತಿದ್ದರಿಂದಲೇ ಅವರು ಹಾಡನ್ನು ಎಲ್ಲಿ ನಿಧಾನ ಮಾಡಬೇಕು ಎಂದು ಬಲ್ಲವರಾಗಿದ್ದರು. ಹಾಗಾಗಿ ಬಾರ್ಡ್ ಆಡುವವಳೇ, ಮುಂದಿನ ಆಟದಲ್ಲಿ ನೀನು ಖಡ್ಗ ಹಿಡಿ, ಖಡ್ಗದ ಹುಡುಗ ಹಾಡಲಿ. ನಾಲ್ಕು ವಾರ ಹಾಗೆ ಆಡಿ ನೋಡಿ, ಆಮೇಲೆ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ. ವಾದದ ಅರ್ಧ ಭಾಗ ತಾನಾಗಿ ಕರಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟೇ ಬಂತು. ಇಪ್ಪತ್ತು ಬಿದ್ದರೆ ಬಾರ್ಡ್ ರಾಜನ ಹತ್ತಿರ ಮಾತಾಡಿ ರಾಜ್ಯವನ್ನೇ ಬರೆಸಿಕೊಳ್ಳಬಹುದು ಎಂದಿರಿ, ನಾಲ್ವರೂ ನಕ್ಕಿರಿ. ಮೊದಲನೆಯದಾಗಿ ಪುಸ್ತಕ ಹಾಗೆ ಹೇಳುವುದೇ ಇಲ್ಲ. ಹೊಡೆಯುವಾಗ ಇಪ್ಪತ್ತು ಬಿದ್ದರೆ ಏಟು ಬಿದ್ದ ಹಾಗೆಯೇ, ಒಪ್ಪಿಸುವ ಮಾತಿಗೆ ಆ ನಿಯಮ ಇಲ್ಲ. ಎರಡನೆಯದು ನನಗೆ ಮುಖ್ಯ. ಮಾತಿನಿಂದ ಎಲ್ಲರನ್ನೂ ಮರುಳು ಮಾಡಿ ಬೇಕಾದ್ದು ಕಿತ್ತುಕೊಳ್ಳುವವನನ್ನು ನಮ್ಮಲ್ಲಿ ಹಾಡುಗಾರ ಎನ್ನುವುದಿಲ್ಲ, ಹೊಗಳುಭಟ್ಟ ಎನ್ನುತ್ತಾರೆ. ಮಾತು ಬಲ್ಲವರಿಗೆ ಈ ಜಾರುದಾರಿ ಯಾವಾಗಲೂ ಕಾಲ ಬುಡದಲ್ಲೇ ಇರುತ್ತದೆ. ನೀವು ನಾಲ್ವರೂ ಮಾತು ಬಲ್ಲವರು, ನಾಳೆ ಮಾತಿನಿಂದಲೇ ಅನ್ನ ತಿನ್ನುವವರು. ಆಟದಲ್ಲಾದರೂ ಬೇರೆ ರೀತಿ ಅಭ್ಯಾಸ ಮಾಡಿಕೊಳ್ಳಿ. ರಾಜನ ಮನಸ್ಸಿನಲ್ಲಿ ಮೊದಲೇ ಅಳುಕಿದ್ದ ವಿಷಯವನ್ನು ಬಾರ್ಡ್ ಹೊರಗೆಳೆಯಲಿ, ರಾಜ ಮರೆತಿದ್ದ ಹೆಸರೊಂದನ್ನು ಅವನಿಗೆ ನೆನಪಿಸಲಿ. ಅಷ್ಟಕ್ಕೆ ದಾಳ ಉರುಳಿಸಿ. ಅದಕ್ಕಿಂತ ಹೆಚ್ಚು ಕೇಳಿದರೆ, ಪುಟ್ಟ, ಇಲ್ಲ ಎನ್ನುವ ಧೈರ್ಯ ನಿನಗೆ ಬೇಕು.

ಬೈಗುಳದ ಮಂತ್ರ ಬೇರೆ ಮಾತು. ವಿಷಸ್ ಮಾಕರಿ ಎಂದರೆ ಎದುರಾಳಿಯನ್ನು ಹೀಯಾಳಿಸಿ ನೋಯಿಸುವುದು. ಅದರ ಹೊಡೆತ ತೀರ ಕಡಿಮೆ, 2014ರಲ್ಲಿ ನಾಲ್ಕು ಮುಖದ ದಾಳ, 2024ರಲ್ಲಿ ಆರು ಮುಖದ್ದು, ದಂಡ ಎಂದಿರಿ. ನಮ್ಮ ಮದುವೆಗಳಲ್ಲಿ ಬೀಗಿತ್ತಿಯರನ್ನು ಆಡಿಕೊಂಡು ಹಾಡುವ ಪದಗಳನ್ನು ನಿಮ್ಮಜ್ಜಿಯ ಬಾಯಲ್ಲಿ ಕೇಳಿ. ಬಂದವರು ಹೊಟ್ಟೆಬಾಕರು, ತಂದ ಸೀರೆ ಹರಕಲು, ಗಂಡಿನ ಮೂಗು ಸೊಟ್ಟ, ಎಲ್ಲವನ್ನೂ ರಾಗವಾಗಿ ಹೇಳಿಬಿಡುತ್ತಾರೆ. ಯಾರಿಗೂ ಗಾಯವಾಗುವುದಿಲ್ಲ, ಎದುರು ಪಕ್ಷದವರು ಮುಂದಿನ ಪದ ಎತ್ತುವಾಗ ನಾಲಿಗೆ ತೊದಲುತ್ತದೆ ಅಷ್ಟೇ. ನಿಮ್ಮ ಮಂತ್ರದಲ್ಲೂ ನಿಜವಾದ ಬಲ ಅದೇ ಅಲ್ಲವೇ, ಪೆಟ್ಟು ತಿಂದವನ ಮುಂದಿನ ಏಟು ಹಿಂದೆ ಬೀಳುವುದು. ಅಳತೆ ಸರಿಯಾಗಿಯೇ ಇದೆ.

2024ರಲ್ಲಿ ತೆಗೆದುಹಾಕಿದ ಒಂದು ಶಕ್ತಿಯನ್ನು ನಿಮ್ಮ ಮೇಜಿಗೆ ವಾಪಸು ತನ್ನಿ ಎಂದು ನಾನು ಒತ್ತಾಯ ಮಾಡುತ್ತೇನೆ. ಸಾಂಗ್ ಆಫ್ ರೆಸ್ಟ್. ಕಾದಾಡಿ ದಣಿದವರು ಒಂದು ಗಂಟೆ ಕೂತು ಸುಧಾರಿಸಿಕೊಳ್ಳುವಾಗ ಬಾರ್ಡ್ ಹಾಡಿದರೆ ಅವರಿಗೆ ಸ್ವಲ್ಪ ಹೆಚ್ಚು ಚೈತನ್ಯ ಬರುತ್ತಿತ್ತು. ಹಳೆಯ ನಿಯಮದಲ್ಲಿ ಎರಡನೇ ಲೆವೆಲ್‌ಗೇ ಸಿಗುತ್ತಿತ್ತು, ಆರು ಮುಖದ ಒಂದು ದಾಳದಷ್ಟು. ಯಾರೂ ಬಳಸುವುದಿಲ್ಲ, ಹೋಗಿದ್ದೇ ಒಳ್ಳೆಯದಾಯಿತು ಎಂದಿರಿ. ಮಕ್ಕಳೇ, ನಾನು ಹುಟ್ಟಿದ ಮನೆಯಲ್ಲಿ ಕೋಳಿ ಕೂಗುವ ಮೊದಲು ನನ್ನ ಅವ್ವ ಮತ್ತು ದೊಡ್ಡವ್ವ ಎದುರುಬದುರು ಕೂತು ರಾಗಿ ಬೀಸುತ್ತಿದ್ದರು. ಬೀಸುವ ಕಲ್ಲಿನ ಗೂಟಕ್ಕೆ ಎರಡು ಕೈ, ಒಬ್ಬರು ಎಳೆದು ಒಬ್ಬರು ತಳ್ಳುತ್ತಾ, ಒಬ್ಬರು ಪದ ಎತ್ತುತ್ತಿದ್ದರು, ಕಲ್ಲು ಅರ್ಧ ಸುತ್ತು ತಿರುಗುವಾಗ ಇನ್ನೊಬ್ಬರು ಒಪ್ಪಿಸಿಕೊಳ್ಳುತ್ತಿದ್ದರು. ಹಾಡು ನಿಂತ ದಿನ ಕಲ್ಲು ಭಾರವಾಗುತ್ತಿತ್ತು. ದೊಡ್ಡವ್ವ ತೀರಿಕೊಂಡ ತಿಂಗಳು ಅವ್ವ ಒಬ್ಬಳೇ ಮಾತಿಲ್ಲದೆ ಬೀಸಿದಳು, ಅದೇ ಸೇರು ರಾಗಿಗೆ ಎರಡರಷ್ಟು ಹೊತ್ತು ಹಿಡಿಯಿತು. ಹಾಡಿನ ಮೊದಲ ಕೆಲಸ ದಣಿವು ಇಳಿಸುವುದು. ಯುದ್ಧಕ್ಕೆ ಹುರಿದುಂಬಿಸುವುದು ಆಮೇಲಿನದು. ಆ ದಾಳ ಚಿಕ್ಕದಿರಬಹುದು, ಅದನ್ನು ಉರುಳಿಸುವ ನೆಪದಲ್ಲಿ ನಿಮ್ಮ ಪಾತ್ರಗಳು ಬೆಂಕಿಯ ಸುತ್ತ ಕೂತು ಏನು ಮಾತಾಡುತ್ತವೆ ಎಂದು ಕೇಳಿಸಿಕೊಳ್ಳಿ.

ಇನ್ನೊಂದು, ನೆನಪಿನ ವಿಷಯ. ಬಾರ್ಡಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಬರುತ್ತದೆ ಎಂದು ನಿಯಮವಿದೆ, ಅದು ಹೇಗೆ ಸಾಧ್ಯ ಎಂದು ಕೇಳಿದಿರಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿದ್ದೀರಾ? ಅಕ್ಷರ ಬಾರದ ಹೆಣ್ಣುಮಗಳು. ಆಕೆ ಹಾಡಿದ್ದನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಎಂಬ ಪುಸ್ತಕ ಮಾಡಿದರು. ಎತ್ತು, ಕುರಿ, ಹಬ್ಬ, ಹೆರಿಗೆ, ಸಾವು, ದೇವರು, ಯಾವುದನ್ನು ಕೇಳಿದರೂ ಆ ಅಜ್ಜಿಯ ಬಳಿ ಅದಕ್ಕೊಂದು ಪದವಿತ್ತು. ಯುಗೊಸ್ಲಾವಿಯದ ಅವ್ದೊ ಎಂಬ ಹಾಡುಗಾರನ ವಿಷಯವನ್ನು ಆಲ್ಬರ್ಟ್ ಲಾರ್ಡ್ ಎಂಬ ವಿದ್ವಾಂಸರು 1960ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅವನೂ ಅಕ್ಷರ ಬಾರದವನು, 1935ರಲ್ಲಿ ಒಂದೇ ಕತೆಯನ್ನು ಹನ್ನೆರಡು ಸಾವಿರ ಸಾಲಿಗೂ ಮಿಕ್ಕಿ ಹಾಡಿದ. ಇವರು ಯಾರೂ ಗಿಳಿಪಾಠ ಮಾಡಿದವರಲ್ಲ. ಸಾಲಿನ ಅಚ್ಚು ಅವರಿಗೆ ಕರಗತ, ಎದುರು ಕೂತವರನ್ನು ನೋಡಿ ಆ ಅಚ್ಚಿಗೆ ಮಾತು ಎರೆಯುತ್ತಾರೆ. ಅದಕ್ಕೇ ಒಂದು ರಾತ್ರಿಯ ಕತೆ ಇನ್ನೊಂದು ರಾತ್ರಿಯಂತೆ ಇರುವುದಿಲ್ಲ. ಬಾರ್ಡ್ ಆಡುವವಳೇ, ಒಂದು ನೋಟ್‌ಬುಕ್ ಇಟ್ಟುಕೋ. ನಿಮ್ಮ ಆಟದಲ್ಲಿ ಸಿಕ್ಕ ಪ್ರತಿಯೊಬ್ಬ ಅಂಗಡಿಯವನು, ದೋಣಿಯವನು, ಸತ್ತ ಸಿಪಾಯಿ, ಎಲ್ಲರ ಹೆಸರನ್ನೂ ಬರೆದುಕೋ. ಆರು ತಿಂಗಳ ಮೇಲೆ, ಎಲ್ಲರೂ ಮರೆತಿದ್ದಾಗ, ಆ ಸಿಪಾಯಿಯ ಹೆಸರನ್ನು ಅವನ ತಾಯಿಯ ಮುಂದೆ ನೀನು ಹೇಳು. ಅದಕ್ಕೆ ದಾಳ ಉರುಳಿಸುವುದೇ ಬೇಡ.

ನಿಯಮಗಳ ಬಗ್ಗೆ ನೀವು ವಾದ ಮಾಡುವುದು ನನಗೆ ಸಂತೋಷ, ನಿಲ್ಲಿಸಬೇಡಿ. ಭಾಗವತರೂ ಮದ್ದಳೆಯವರೂ ಒಂದು ತಾಳದ ಅರ್ಧ ಮಾತ್ರೆಗೆ ಬೆಳಗಿನವರೆಗೆ ವಾದ ಮಾಡಿದ್ದನ್ನು ನಾನು ನೋಡಿದ್ದೇನೆ. ಮಾಡುವ ಕೆಲಸದ ಮೇಲೆ ಪ್ರೀತಿ ಇದ್ದವರು ಅದರ ಕಟ್ಟುಪಾಡಿನ ಬಗ್ಗೆ ಜಗಳವಾಡುತ್ತಾರೆ. ಆದರೆ ಮರುದಿನ ಆಟಕ್ಕೆ ನಿಂತಾಗ ಇಬ್ಬರೂ ಒಬ್ಬರ ಕೈ ಒಬ್ಬರು ನೋಡುತ್ತಿದ್ದರು. ಅಂದು ಬೆಳಿಗ್ಗೆ ನೀವು ಶಿರಾ ಬಸ್ಸು ಹತ್ತುವಾಗ ಖಡ್ಗದ ಹುಡುಗನೂ ಹಾಡಿನ ಹುಡುಗಿಯೂ ಬೇರೆ ಬೇರೆ ಸೀಟಿನಲ್ಲಿ ಕೂತದ್ದನ್ನು ನಾನು ಕಂಡೆ. ಅದು ನನಗೆ ಸರಿ ಕಾಣಲಿಲ್ಲ. ಈ ಕಾಗದ ಬರೆಯಲು ಕೂತದ್ದಕ್ಕೆ ಅದೂ ಒಂದು ಕಾರಣ. ಅವ್ವ, ನೀನು ಕೊಟ್ಟ ದಾಳ ಅವನ ಕೈಯಲ್ಲಿದೆ. ಅಪ್ಪ, ನಿನ್ನ ಏಟಿನಲ್ಲಿ ಅವಳ ಉಸಿರಿದೆ. ಮುಂದಿನ ಸಲ ಡ್ರ್ಯಾಗನ್ ಬಿದ್ದಾಗ ಕೊನೆಯ ಏಟಿನ ಎಣಿಕೆಯನ್ನು ಇಬ್ಬರೂ ಸೇರಿ ಗಟ್ಟಿಯಾಗಿ ಕೂಡಿ ಹೇಳಿ, ಖಡ್ಗದ್ದು ಎಷ್ಟು, ಹಾಡಿನದು ಎಷ್ಟು ಎಂದು.

ಮುಂದಿನ ರಜೆಗೆ ನಾಲ್ವರೂ ಬನ್ನಿ. ದಾಳದ ಚೀಲವನ್ನೂ ತನ್ನಿ, ಪುಸ್ತಕವನ್ನು ನಾನು ಅಟ್ಟಣಿಗೆಯ ಮೇಲೆ ಬಟ್ಟೆ ಸುತ್ತಿ ಇಟ್ಟಿದ್ದೇನೆ. ಒಂದು ದಿನ ಬೆಳಿಗ್ಗೆ ಎದ್ದು ಕಳುವರಹಳ್ಳಿಗೆ ಹೋಗೋಣ. ಗಣೆ ಊದುವವರೊಬ್ಬರನ್ನು ಮಾತಾಡಿಸಿಟ್ಟಿದ್ದೇನೆ, ಅವರಿಗೂ ವಯಸ್ಸಾಗಿದೆ. ಸೊಲ್ಲು ಹಿಡಿಯುತ್ತಿದ್ದ ಅವರ ಜೊತೆಗಾರ ಹೋದ ವರ್ಷ ತೀರಿಕೊಂಡರು. ಈಗ ಅವರು ಒಂದು ಸಾಲು ಹಾಡಿ, ಸುಮ್ಮನಿದ್ದು, ಆಮೇಲೆ ಊದುತ್ತಾರೆ. ನಿಮ್ಮಲ್ಲಿ ಒಬ್ಬರು ಅವರ ಪಕ್ಕ ಕೂರಬೇಕು.